ನಾಲ್ಕನೇ ಗೇಟಿನ ಸಾಹೇಬರು

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಹಳೆಯದು. ಆದರೆ ಅದನ್ನೇ ಮೈಮೇಲೆ ತೊಟ್ಟು ಊರೆಲ್ಲ ತಿರುಗಿದ ಪುಣ್ಯಾತ್ಮರು ಒಬ್ಬರೇ. ಅವರೇ ನಮ್ಮ ಕುರ್ಚಿರಾಯರು.

ರಾಯರು ಬಾಡಿಗೆಗೆ ಕುರ್ಚಿ ಕೊಡುವ ಅಂಗಡಿಯಲ್ಲಿ ಮೇಸ್ತ್ರಿ. ಮದುವೆಯೋ ಭಾಷಣವೋ ಬೀಳ್ಕೊಡುಗೆಯೋ, ಊರಿನಲ್ಲಿ ನಾಲ್ಕು ಜನ ಕೂತುಕೊಳ್ಳಬೇಕಾದರೆ ಇವರು ದಿನವೆಲ್ಲ ನಿಂತಿರಬೇಕು. ಲಾರಿಯಿಂದ ಕುರ್ಚಿ ಇಳಿಸುವುದು, ಸಾಲು ಹಿಡಿಸುವುದು, ಕಾಲು ಮುರಿದದ್ದನ್ನು ಗೋಡೆಗೆ ಒರಗಿಸಿಟ್ಟು ಯಾರಿಗೂ ಕಾಣದಂತೆ ಮಾಡುವುದು, ಇದು ಅವರ ಕಸುಬು. ಕಸುಬಿನ ಬಗ್ಗೆ ಅವರಿಗೆ ನಾಚಿಕೆಯೇನೂ ಇರಲಿಲ್ಲ. ನಾಚಿಕೆಯಿದ್ದದ್ದು ಅವರ ಅತ್ತೆಗೆ.

ಅತ್ತೆಗೆ ಇಬ್ಬರು ಅಳಿಯಂದಿರು. ಹಿರಿಯಳಿಯ, ಅಂದರೆ ರಾಯರ ಷಡ್ಡಕ, ನಗರಸಭೆಯ ಕಚೇರಿಯಲ್ಲಿ ಒಂದು ವಿಭಾಗದ ಮುಖ್ಯಸ್ಥ. ಯಾರಾದರೂ ಕೇಳಿದರೆ ಅತ್ತೆ ಅವನನ್ನು "ನಮ್ಮ ಆಫೀಸಿನವರು" ಎನ್ನುತ್ತಿದ್ದರು. ಕಿರಿಯಳಿಯನ ಮಾತು ಬಂದರೆ "ಅವರೂ ಒಂದು ಕಡೆ ಇದಾರೆ" ಎಂದು ಬೇರೆ ಮಾತು ತೆಗೆಯುತ್ತಿದ್ದರು. ರಾಯರು ಇದನ್ನು ಕೇಳಿಯೂ ಕೇಳದವರಂತೆ ಇದ್ದರು. ಆದರೆ ಮನುಷ್ಯನ ಕಿವಿಗೆ ಬಾಗಿಲು ಇರುವುದಿಲ್ಲವಲ್ಲ.

ಹೀಗಿರುವಾಗ ಒಬ್ಬ ದೊಡ್ಡ ಗಾಯಕಿ, ಹಾಡುವುದನ್ನು ನಿಲ್ಲಿಸುವ ಮೊದಲು ಕೊನೆಯ ಸಲ, ಊರಿನ ದೊಡ್ಡ ಮೈದಾನದಲ್ಲಿ ಹಾಡುತ್ತಾರೆಂದು ಸುದ್ದಿಯಾಯಿತು. ದುಡ್ಡಿಲ್ಲ, ಪಾಸ್ ಸಾಕು. ಪಾಸು ಹಂಚಲು ಶುರುಮಾಡಿದವರು ತಲೆಯೆತ್ತಿ ನೋಡುವಷ್ಟರಲ್ಲಿ ಪಾಸು ಮುಗಿದಿತ್ತು. ಷಡ್ಡಕನಿಗೂ ಸಿಗಲಿಲ್ಲ. ಅವನಿಗೆ ಸಿಗದ ಪಾಸು ಎಂದರೆ ಅದು ನಿಜವಾಗಿಯೂ ಮುಗಿದಿದೆ ಎಂದು ಅರ್ಥ.

ಕುರ್ಚಿಯ ಗುತ್ತಿಗೆ ರಾಯರ ಅಂಗಡಿಗೆ ಬಂತು. ಒಳಗೆ ಹೊರಗೆ ಓಡಾಡುವವರಿಗೆಲ್ಲ ಕಿತ್ತಳೆ ಬಣ್ಣದ ಜಾಕೆಟ್ ಎಂದು ಆಯೋಜಕರು ಒಂದು ರಾಶಿ ತಂದು ಮೇಜಿನ ಮೇಲೆ ಸುರಿದರು. ಕುರ್ಚಿಯವರಿಗೆಂದು ಇಟ್ಟ ಜಾಕೆಟ್ ರಾಯರ ಹೊಟ್ಟೆಯ ಅರ್ಧದಲ್ಲೇ ನಿಂತಿತು. ಎಳೆದರು, ಉಸಿರು ಹಿಡಿದರು, ಗುಂಡಿ ಬರಲಿಲ್ಲ. ರಾಶಿಯ ತಳದಲ್ಲಿ ಒಂದು ದೊಡ್ಡದು ಸಿಕ್ಕಿತು. ತೊಟ್ಟರೆ ಹೇಳಿ ಹೊಲಿಸಿದ ಹಾಗಿತ್ತು. ಸಣ್ಣದನ್ನು ರಾಶಿಗೆ ಹಾಕಿ, ದೊಡ್ಡದರಲ್ಲಿ ಎದೆಯುಬ್ಬಿಸಿಕೊಂಡು ಮನೆಗೆ ಬಂದರು. ಬೆನ್ನಿನ ಮೇಲೆ ಏನೋ ಬರೆದಿದೆ ಎಂಬುದು ಅವರ ಗಮನಕ್ಕೆ ಬಂದಿರಲಿಲ್ಲ.

ಅತ್ತೆ ಆ ವಾರ ಕಿರಿಯ ಮಗಳ ಮನೆಯಲ್ಲಿದ್ದರು. ರಾಯರು ಚಪ್ಪಲಿ ಬಿಡಲು ಬಗ್ಗಿದಾಗ ಹೆಂಡತಿ ಹಿಂದಿನಿಂದ ಓದಿದಳು.

"ಇದೇನ್ರೀ ಇದು, ಸುರಕ್ಷತಾ ಅಧಿಕಾರಿ ಅಂತ ಬರೆದಿದೆ?"

ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು ಎದ್ದು ಬಂದರು. ಅಳಿಯನ ಬೆನ್ನನ್ನು ಅಕ್ಷರ ಅಕ್ಷರವಾಗಿ ಓದಿದರು. "ಹೌದಾ ಅಳಿಯಂದ್ರೆ? ಅಷ್ಟು ದೊಡ್ಡ ಕಾರ್ಯಕ್ರಮಕ್ಕೆ ನೀವಾ ಅಧಿಕಾರಿ?"

ಇಲ್ಲಿ ಬೇರೆ ಯಾರೇ ಆಗಿದ್ದರೂ "ಅಯ್ಯೋ, ಅದಲು ಬದಲಾಗಿದೆ" ಎನ್ನುತ್ತಿದ್ದರು. ರಾಯರೂ ಅದನ್ನೇ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆಯ ಮುಖದಲ್ಲಿ ಒಂದು ಬೆಳಕು ಕಂಡಿತು. ಅದು ಇದುವರೆಗೆ ಷಡ್ಡಕನನ್ನು ನೋಡುವಾಗ ಮಾತ್ರ ಹತ್ತುತ್ತಿದ್ದ ದೀಪ. ರಾಯರು "ಹ್ಞೂಂ" ಎಂದರು.

ಒಂದೇ ಒಂದು ಹ್ಞೂಂ. ಜಗತ್ತಿನ ಎಷ್ಟೋ ಅನಾಹುತಗಳಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

"ಅಳಿಯಂದ್ರಿಗೆ ಮೊದಲು ಕಾಫಿ ಕೊಡೇ," ಎಂದರು ಅತ್ತೆ. ಕಾಫಿ ಬಂತು. ಎಂದೂ ಇಲ್ಲದ್ದು, ತಟ್ಟೆಯ ಸಮೇತ ಬಂತು. "ಹಾಗಾದ್ರೆ ನಮ್ಗೂ ಒಳಗೆ ಹೋಗೋಕ್ಕಾಗುತ್ತಾ? ಆಯಮ್ಮನ ಹಾಡು ಒಂದ್ಸಲ ಎದುರಿಗೆ ಕೂತು ಕೇಳ್ಬೇಕು ಅಂತ ಬಹಳ ಆಸೆ."

"ನಿಮ್ಗೆ ಪಾಸ್ ಯಾಕೆ ಅತ್ತೆ? ನಾಲ್ಕನೇ ಗೇಟಿಗೆ ಬನ್ನಿ. ಕೀಲಿ ನನ್ನ ಹತ್ರಾನೇ ಇರುತ್ತೆ."

ಇದು ಮಾತ್ರ ಸುಳ್ಳಲ್ಲ. ನಾಲ್ಕನೇ ಗೇಟು ಎಂದರೆ ಮೈದಾನದ ಹಿಂಬದಿಯಲ್ಲಿ ಕುರ್ಚಿಯ ಲಾರಿ ಬಂದು ನಿಲ್ಲುವ ಜಾಗ. ಒಂದು ಕಡೆ ಮೈದಾನದ ಎತ್ತರದ ಗೋಡೆ, ಇನ್ನೊಂದು ಕಡೆ ಯಾವುದೋ ಗೋದಾಮಿನ ಗೋಡೆ, ನಡುವೆ ಉದ್ದನೆಯ ಓಣಿ. ಓಣಿಯ ಕೊನೆಗೆ ಗೇಟು. ಸಾರ್ವಜನಿಕರಿಗೆ ಆ ಕಡೆ ಪ್ರವೇಶವಿಲ್ಲ. ಹೆಂಡತಿಯನ್ನೂ ಅತ್ತೆಯನ್ನೂ ಅಲ್ಲಿಂದ ನುಸುಳಿಸಿ ಒಂದು ಮೂಲೆಯಲ್ಲಿ ಕೂರಿಸುವುದು ಕುರ್ಚಿ ಮೇಸ್ತ್ರಿಗೆ ಕಷ್ಟದ ಕೆಲಸವೇನಲ್ಲ. ಇಬ್ಬರೇ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮರುದಿನ ಜಾಕೆಟ್ಟನ್ನು ಹೆಂಡತಿ ಇಸ್ತ್ರಿ ಮಾಡಿ, ಬೆನ್ನು ಮುಂದಾಗಿ ನಡುಮನೆಯ ಗೋಡೆಗೆ ತೂಗುಹಾಕಿದಳು. ಅತ್ತೆ ತಮ್ಮ ಕುರ್ಚಿಯನ್ನು ಅದರ ಪಕ್ಕಕ್ಕೆ ಎಳೆದುಕೊಂಡರು. ಬಂದವರು ಗೋಡೆ ನೋಡದಿದ್ದರೆ ಅವರೇ ಕತ್ತು ತಿರುಗಿಸಿ ತೋರಿಸುತ್ತಿದ್ದರು.

ಮೊದಲು ಬಂದವನು ಬೀದಿಯ ಕ್ಷೌರದ ಅಂಗಡಿಯವನು. "ಏನ್ ರಾಯ್ರೇ, ಇಷ್ಟು ದೊಡ್ಡ ಮನುಷ್ಯರ ತಲೆ ಇಷ್ಟು ದಿನ ನನ್ನ ಕೈಯಲ್ಲಿತ್ತು, ಒಂದು ಮಾತು ಹೇಳ್ಬಾರ್ದಿತ್ತಾ? ನಾನು, ನಮ್ಮನೆಯವಳು, ಮಕ್ಕಳು. ಅಷ್ಟೇ ನೋಡಿ."

"ಬನ್ನಿ ಬನ್ನಿ, ನಾಲ್ಕನೇ ಗೇಟು," ಎಂದರು ರಾಯರು. ಇಲ್ಲ ಎನ್ನುವ ಮಾತು ಅವರ ನಾಲಿಗೆಗೆ ಹುಟ್ಟಿನಿಂದಲೇ ಬರದು. ಕಾಲು ಮುರಿದ ಕುರ್ಚಿ ಕೇಳಿದವನಿಗೂ ಅವರು ಇಲ್ಲವೆಂದವರಲ್ಲ.

ಎದುರುಮನೆಯ ದರ್ಜಿ ಬಂದ. ಅವನು "ನಾಲ್ಕೇ ಜನ" ಎಂದ. ದರ್ಜಿಯ ಲೆಕ್ಕದಲ್ಲಿ ಅಳತೆಗೆ ಯಾವಾಗಲೂ ಸ್ವಲ್ಪ ಬಟ್ಟೆ ಹೆಚ್ಚಿಗೆ ಬೇಕಾಗುತ್ತದೆ. ಕ್ಷೌರದವನು ತನ್ನ ಅಂಗಡಿಯಲ್ಲಿ ಕೂತ ತಲೆಗಳಿಗೆಲ್ಲ ಸುದ್ದಿ ಹಂಚಿದ. ಆ ತಲೆಗಳು ಮನೆಗೆ ಹೋಗಿ ಮೊಬೈಲಿನ ಗುಂಪುಗಳಿಗೆ ಹಾಕಿದವು. ಮೊದಲ ಗುಂಪಿನಲ್ಲಿ "ನಾಲ್ಕನೇ ಗೇಟಿನಲ್ಲಿ ನಮ್ಮ ರಾಯರಿದ್ದಾರೆ" ಎಂದಿದ್ದದ್ದು, ಮೂರನೆಯದಕ್ಕೆ ಹೋಗುವಷ್ಟರಲ್ಲಿ "ನಾಲ್ಕನೇ ಗೇಟಿನ ಸಾಹೇಬರು ಒಳಗೆ ಬಿಡುತ್ತಾರೆ" ಎಂದಾಗಿ, ಊರು ದಾಟುವಷ್ಟರಲ್ಲಿ "ನಾಲ್ಕನೇ ಗೇಟಿಗೆ ಪಾಸ್ ಬೇಡ" ಎಂದು ನಿಂತಿತು.

ಸಂಜೆ ಷಡ್ಡಕನ ಫೋನು ಬಂತು. "ಏನು ಸಾಹೇಬ್ರೇ?" ಎಂದ. ರಾಯರಿಗೆ ಇದು ತಮಗಲ್ಲ ಎನಿಸಿ ಹಿಂದೆ ತಿರುಗಿ ನೋಡಿದರು. "ನಮ್ಮ ಆಫೀಸಿನವರೆಲ್ಲ ಕೇಳ್ತಿದಾರೆ ಕಣಯ್ಯಾ. ನಾನೇ ಹೇಳ್ಬಿಟ್ಟೆ, ನಮ್ಮ ಷಡ್ಡಕರದ್ದೇ ಗೇಟು, ಎಲ್ಲರೂ ಬನ್ನಿ ಅಂತ. ನನ್ನ ಮಾನ ಉಳಿಸ್ತೀಯ ತಾನೇ?"

ಮದುವೆಯಾದ ದಿನದಿಂದ ರಾಯರ ಕೈಯಲ್ಲಿ ಯಾರೂ ಮಾನವನ್ನು ಇಟ್ಟಿರಲಿಲ್ಲ. ಷಡ್ಡಕನ ಮಾನವಂತೂ ಅವರ ಕನಸಿನಲ್ಲೂ ಇರಲಿಲ್ಲ. "ಬನ್ನಿ ಭಾವ, ನಾನಿದೀನಲ್ಲ," ಎಂದರು. ಫೋನ್ ಇಟ್ಟ ಮೇಲೆ ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿತು. ಅತ್ತೆ ತಟ್ಟೆಯಲ್ಲಿ ಕಾಫಿ ತಂದರು. ಚುಚ್ಚುವುದು ನಿಂತಿತು.

ಕಾರ್ಯಕ್ರಮದ ಹಿಂದಿನ ದಿನ ಕೆಲಸದವರಿಗೆಲ್ಲ ಒಂದು ಸಭೆ. ಇಸ್ತ್ರಿ ಕೆಡುತ್ತದೆಂದು ಜಾಕೆಟ್ಟನ್ನು ಅತ್ತೆ ಗೋಡೆಯಿಂದ ಇಳಿಸಲು ಬಿಡಲಿಲ್ಲ. ರಾಯರು ಬರೀ ಅಂಗಿಯಲ್ಲಿ ಹೋಗಿ, ತಾವೇ ಹಾಕಿಸಿದ ಕುರ್ಚಿಗಳ ಕೊನೆಯ ಸಾಲಿನಲ್ಲಿ ಕೂತು, ಕೂತ ಕೂಡಲೇ ತೂಕಡಿಸಿದರು. ವೇದಿಕೆಯ ಮೇಲೆ ಒಬ್ಬ ಸಣ್ಣ ಮೈಯ ಹೆಂಗಸು ಮಾತಾಡುತ್ತಿದ್ದಳು. ಮಾತಾಡಿ ಮಾತಾಡಿ ಗಂಟಲು ಕಟ್ಟಿತ್ತು. ಅವಳೇ ನಿಜವಾದ ಸುರಕ್ಷತಾ ಅಧಿಕಾರಿ. ತನ್ನ ಜಾಕೆಟ್ ಯಾರೋ ಒಯ್ದಿದ್ದಾರೆ, ಸಿಕ್ಕಿದವರು ದಯವಿಟ್ಟು ಹಿಂತಿರುಗಿಸಿ ಎಂದು ಅವಳು ಬೇಡಿಕೊಂಡಾಗ ರಾಯರು ಗೊರಕೆಯ ಹೊಸ್ತಿಲಲ್ಲಿದ್ದರು.

ಮೈಕು ಕಿರ್ರೆಂದಾಗ ಎಚ್ಚರವಾಯಿತು. ಆಗ ಅವಳು ಹೇಳುತ್ತಿದ್ದದ್ದು ಹೀಗೆ: "ನೂಕೋರು ಯಾವಾಗ್ಲೂ ಹಿಂದಿನವರು. ಮುಂದೆ ಉಸಿರು ಕಟ್ತಿರೋದು ಅವರಿಗೆ ಕಾಣಲ್ಲ, ಅವರೇನೂ ಕೆಟ್ಟವರಲ್ಲ. ಮುಂದಿನವರಿಗೆ ಹಿಂದೆ ಸರೀರಿ ಅಂತ ಕೂಗಿ ಪ್ರಯೋಜನ ಇಲ್ಲ, ಅವರು ಎಲ್ಲಿಗೆ ಸರೀತಾರೆ? ನೀವು ಹಿಂದಕ್ಕೆ ಹೋಗಿ, ಹಿಂದಿನವರಿಗೆ ಹೇಳಿ. ಯಾರೂ ಓಡ್ಬಾರ್ದು. ನೀವೂ ಓಡ್ಬಾರ್ದು. ನೀವು ಓಡಿದ್ರೆ ಅವರೂ ಓಡ್ತಾರೆ."

ಆಮೇಲೆ ಅವಳು ಎರಡು ಕೈಗಳನ್ನೂ ಎದೆಯ ಮುಂದೆ ಮಡಚಿ ತೋರಿಸಿದಳು, ಪಕ್ಕೆಲುಬಿಗೆ ಉಸಿರಾಡಲು ಜಾಗ ಸಿಗಲಿ ಎಂದು. ಕೆಳಗೆ ಬಿದ್ದದ್ದನ್ನು ಬಗ್ಗಿ ಎತ್ತಬೇಡಿ ಎಂದೂ ಹೇಳಿದಳು. ರಾಯರು ಇದು ಬೆನ್ನುನೋವಿನ ವ್ಯಾಯಾಮವೆಂದು ತಿಳಿದು ಮೆಚ್ಚಿಕೊಂಡರು. ಅಷ್ಟರಲ್ಲಿ ಚಹಾ ಬಂತು.

ಕಾರ್ಯಕ್ರಮದ ದಿನ ಮಧ್ಯಾಹ್ನದ ಹೊತ್ತಿಗೆ ಮೈದಾನ ತುಂಬುತ್ತ ಬಂದಿತ್ತು. ಅಧಿಕಾರಿಗೆ ರಾಶಿಯಲ್ಲಿ ಉಳಿದಿದ್ದ ಒಂದೇ ಜಾಕೆಟ್ ಸಿಕ್ಕಿತ್ತು. ಅವಳ ಬೆನ್ನಿನ ಮೇಲೆ "ಕುರ್ಚಿ ವಿಭಾಗ" ಎಂದಿತ್ತು. ಅವಳು ಒಂದು ಕಡೆ ದಾರಿ ಬಿಡಿಸಲು ಹೋದರೆ ಜನ "ಮೇಡಂ, ಇಲ್ಲಿ ಎರಡು ಕುರ್ಚಿ ಕಮ್ಮಿ" ಎನ್ನುತ್ತಿದ್ದರು. ಸ್ವಯಂಸೇವಕರು ಕೂಡ "ನೀವು ಕುರ್ಚಿ ನೋಡ್ಕೊಳ್ಳಿ, ಗೇಟು ನಾವು ನೋಡ್ಕೋತೀವಿ" ಎಂದು ಕಳಿಸಿಬಿಟ್ಟಿದ್ದರು. ಇತ್ತ ರಾಯರು ನಡೆದಲ್ಲೆಲ್ಲ ಸೆಲ್ಯೂಟು. ಅವರಿಗೆ ಯಾಕೋ ಎಲ್ಲರೂ ಬಹಳ ಸಂಸ್ಕಾರವಂತರಾಗಿ ಕಂಡರು.

ಹೆಚ್ಚಾಗಿ ಉಳಿದ ಕುರ್ಚಿಗಳನ್ನು ಎಲ್ಲಿಡುವುದು? ರಾಯರು ಅವನ್ನು ನಾಲ್ಕನೇ ಗೇಟಿನ ಒಳಬದಿಗೆ, ಒಂದರ ಮೇಲೊಂದು, ಎದೆಯೆತ್ತರ ಪೇರಿಸಿದರು. ಒಬ್ಬರು ನುಸುಳುವಷ್ಟು ಸಂದಿ ಬಿಟ್ಟರು. ಒಬ್ಬೊಬ್ಬರಾಗಿ ಬರುವುದಕ್ಕೆ ಅಷ್ಟು ಸಾಲದೇ?

ಆಗ ಗೇಟಿನ ಆಚೆಯಿಂದ ಒಂದು ಸದ್ದು ಕೇಳಿಸಿತು. ಮಾತಿನ ಸದ್ದಲ್ಲ, ಗಲಾಟೆಯೂ ಅಲ್ಲ. ತುಂಬಿದ ಗೋಣಿಚೀಲವನ್ನು ನೆಲದ ಮೇಲೆ ಎಳೆದ ಹಾಗಿನ ಒಂದು ಸದ್ದು. ಗೇಟು ಒಮ್ಮೆ ಒಳಮುಖವಾಗಿ ನರಳಿತು. ಆ ಗೇಟು ಹೊರಗೆ ಮಾತ್ರ ತೆರೆಯುವಂಥದು.

ಗೇಟಿನ ಕಾವಲುಗಾರ ರಾಯರನ್ನು ನೋಡಿ ನೆಟ್ಟಗೆ ನಿಂತ. "ಸಾರ್, ನಿಮ್ಮವರಂತೆ. ಸ್ವಲ್ಪ ಜಾಸ್ತಿ ಇದಾರೆ."

"ಎಷ್ಟು ಜಾಸ್ತಿ?"

"ಓಣಿ ಕಾಣಿಸ್ತಿಲ್ಲ ಸಾರ್."

ಫೋನು ಬಡಿದುಕೊಂಡಿತು. ಹೆಂಡತಿ. "ರೀ, ಎಲ್ಲಿದೀರಿ? ನಾವು ಗೇಟಿಗೇ ಅಂಟ್ಕೊಂಡಿದೀವಿ. ಬೇಗ ಬಂದು ಮುಂದೆ ನಿಂತ್ವಿ, ಆಮೇಲೆ ಹಿಂದೆ ಯಾರ್ಯಾರೋ ಬಂದ್ರು. ಅಮ್ಮಂಗೆ ಉಸಿರಾಡೋಕೆ ಆಗ್ತಿಲ್ಲ. ಗೇಟ್ ತೆಗೀರಿ."

ರಾಯರು ನೆಲಕ್ಕೆ ಮಲಗಿ ಗೇಟಿನ ಕೆಳಗಿನ ಸಂದಿಯಲ್ಲಿ ನೋಡಿದರು. ಕಾಲುಗಳು. ಎಲ್ಲೆಲ್ಲೂ ಕಾಲುಗಳು. ಅವುಗಳ ನಡುವೆ, ಅತ್ತೆಯ ಮಂಡಿನೋವಿಗೆಂದು ಡಾಕ್ಟರು ಬರೆದುಕೊಟ್ಟ ದಪ್ಪ ಅಟ್ಟೆಯ ಒಂದು ನೀಲಿ ಚಪ್ಪಲಿ. ಇನ್ನೊಂದು ಕಾಲು ಬರಿಗಾಲು. ಎರಡೂ ಕಾಲುಗಳ ಹಿಮ್ಮಡಿ ನೆಲ ಮುಟ್ಟಿರಲಿಲ್ಲ. ಅತ್ತೆ ನಿಂತಿರಲಿಲ್ಲ, ಜನ ಅವರನ್ನು ನಿಲ್ಲಿಸಿಕೊಂಡಿದ್ದರು.

ರಾಯರು ತಟ್ಟನೆ ಎದ್ದರು. ಕೀಲಿ ತಿರುಗಿಸಿ ಗೇಟನ್ನು ನೂಕಿದರು. ಕಾವಲುಗಾರನೂ ನೂಕಿದ. ಊರಿಗೆ ಊರೇ ಆಚೆಯಿಂದ ಒರಗಿರುವಾಗ ಇಬ್ಬರು ಗಂಡಸರ ಬಲ ಯಾವ ಲೆಕ್ಕ? ಹೇಗೋ ತೆರೆದರೂ ಮುಂದಿನವರು ಬಂದು ಬೀಳುವುದು ಕುರ್ಚಿಯ ಗುಡ್ಡದ ಮೇಲೆ. ಅದನ್ನು ಪೇರಿಸಿದ ಮಹಾನುಭಾವ ಯಾರೆಂದು ಕೇಳುವ ಹಾಗಿರಲಿಲ್ಲ.

ಸಂದಿಗೆ ಬಾಯಿಟ್ಟು ಕೂಗಿದರು. "ಕೇಳಿಸ್ತೇನೇ? ಗೇಟು ತೆರೆಯಲ್ಲ. ಅಮ್ಮನ್ನ ಗೇಟಿನ ಕಂಬದ ಮೂಲೆಗೆ ಸೇರ್ಸು. ಕೈ ಎರಡೂ ಎದೆ ಮುಂದೆ ಮಡಚ್ಕೊಳ್ಳಿ. ಬೆನ್ನುನೋವಿನ ವ್ಯಾಯಾಮದ ಹಾಗೆ."

"ವ್ಯಾಯಾಮ ಮಾಡೋ ಹೊತ್ತಾ ಇದು?" ಎಂದಳು ಹೆಂಡತಿ. ದನಿ ಒಡೆದಿತ್ತು. ಆದರೆ ಮಡಚಿದಳು.

"ಅಳಿಯಂದ್ರೆ," ಎಂದು ಅತ್ತೆಯ ದನಿ, ಬಹಳ ಸಣ್ಣಗೆ. "ನನ್ನ ಚಪ್ಪಲಿ."

"ಬಗ್ಗಬೇಡಿ ಅತ್ತೆ. ನಿಮ್ಮ ಕಾಲಿಗೆ ಬೀಳ್ತೀನಿ, ಚಪ್ಪಲಿಗೆ ಬಗ್ಗಬೇಡಿ." ಹಾಗೆಂದು ಎದ್ದ ರಾಯರಿಗೆ ಸಭೆಯ ಮಾತು ನೆನಪಾಯಿತು. ಹಿಂದಕ್ಕೆ ಹೋಗಿ, ಹಿಂದಿನವರಿಗೆ ಹೇಳಿ.

ಮೂರನೇ ಗೇಟಿನಿಂದ ಹೊರಬೀಳುವಾಗ ಆ ಸಣ್ಣ ಮೈಯ ಹೆಂಗಸು ಎದುರಾದಳು. ರಾಯರು ಪಕ್ಕಕ್ಕೆ ಸರಿದಾಗ ಅವಳ ಕಣ್ಣು ಜಾಕೆಟ್ಟಿನ ಬೆನ್ನಿನ ಮೇಲೆ ನೆಟ್ಟಿತು. "ಇದು ನನ್ನ..."

"ನಿಮ್ದೇ ಮೇಡಂ, ಆಮೇಲೆ ನೇಣಿಗೆ ಹಾಕಿ. ನಾಲ್ಕನೇ ಗೇಟಿನ ಓಣಿ ತುಂಬಿದೆ. ನನ್ನ ಅತ್ತೆ ಗೇಟಿಗೆ ಸಿಕ್ಕಿಕೊಂಡಿದಾರೆ."

ಅವಳ ಮುಖದ ಬಣ್ಣ ಇಳಿಯಿತು. ಬೈಯುವುದನ್ನು ಮುಂದಕ್ಕೆ ಹಾಕಿದಳು. "ನೀವು ಓಣಿಯ ಬಾಯಿಗೆ ಹೋಗಿ. ನಾನು ಜನ ಕರ್ಕೊಂಡು ಬಂದು ಹೊಸಬರು ಸೇರದ ಹಾಗೆ ತಡೀತೀನಿ. ಓಡ್ಬೇಡಿ." ಓಡಬೇಡಿ ಎಂದು ಹೇಳಿ ಅವಳು ಎಷ್ಟು ಬೇಗ ನಡೆದಳೆಂದರೆ ಓಟಕ್ಕೂ ಅದಕ್ಕೂ ಹೆಸರಿನಲ್ಲಿ ಮಾತ್ರ ವ್ಯತ್ಯಾಸವಿತ್ತು.

ಓಣಿಯ ಬಾಯಲ್ಲಿ ಜಾತ್ರೆಯಂಥ ಉಲ್ಲಾಸ. ಅಲ್ಲಿ ಗಾಳಿಯಿತ್ತು, ನಗುವಿತ್ತು. ಕ್ಷೌರದವನು ಹೆಂಡತಿ ಮಕ್ಕಳ ಜೊತೆ ಇಡೀ ಅಂಗಡಿಯ ಗಿರಾಕಿಗಳನ್ನು ತಂದಿದ್ದ. ಷಡ್ಡಕ ತನ್ನ ಆಫೀಸಿನವರ ನಡುವೆ ನಿಂತು "ಇನ್ನೇನು ತೆಗೀತಾರೆ, ಸ್ವಲ್ಪ ಒತ್ತಿ ನಿಲ್ಲಿ, ಜಾಗ ಬಿಟ್ಟರೆ ಬೇರೆಯವರು ಸೇರ್ಕೋತಾರೆ" ಎಂದು ವ್ಯವಸ್ಥೆ ನೋಡಿಕೊಳ್ಳುತ್ತಿದ್ದ. ತಾನು ಒತ್ತುತ್ತಿರುವುದು ತನ್ನ ಅತ್ತೆಯನ್ನೇ ಎಂದು ಅವನಿಗೆ ಗೊತ್ತಿರಲಿಲ್ಲ.

"ಸಾಹೇಬ್ರು ಬಂದ್ರು," ಎಂದ ಯಾರೋ.

ರಾಯರು ಬಾಯಿ ತೆರೆಯುವ ಮೊದಲೇ ಆ ಮಾತು ಓಣಿಯೊಳಗೆ ಹರಿಯಿತು. ಸಾಹೇಬ್ರು ಬಂದ್ರಂತೆ, ಗೇಟು ತೆಗೀತಾರಂತೆ. ಹಿಂದಿನವರು ಆಸೆಯಿಂದ ಒಂದು ಹೆಜ್ಜೆ ಮುಂದಿಟ್ಟರು. ಒಂದೇ ಹೆಜ್ಜೆ. ಓಣಿಯ ಆ ತುದಿಯಿಂದ ಗೇಟು ನರಳಿದ್ದು ಇಲ್ಲಿಗೂ ಕೇಳಿಸಿತು. ಆ ಜಾಕೆಟ್ ತಮ್ಮ ಮೈಮೇಲೆ ಇರುವಷ್ಟು ಹೊತ್ತು ತಾವು ಹೇಳಿದ್ದೆಲ್ಲ ತಿರುಗುಮುರುಗಾಗುತ್ತದೆ ಎಂದು ರಾಯರಿಗೆ ಹೊಳೆಯಿತು. ಬಿಚ್ಚಿ ನೆಲಕ್ಕೆ ಹಾಕಿದರು.

"ನಾನು ಸಾಹೇಬ ಅಲ್ಲ," ಎಂದರು.

ಕ್ಷೌರದವನು ನಕ್ಕ. "ದೊಡ್ಡವರು ಯಾವಾಗ್ಲೂ ಹಾಗೇ ಹೇಳೋದು."

"ನಿಜವಾಗ್ಲೂ ಅಲ್ಲಯ್ಯಾ. ನಾನು ಕುರ್ಚಿ ಹಾಕೋನು. ಆ ಜಾಕೆಟ್ ನನ್ನ ಹೊಟ್ಟೆಗೆ ಸರಿಯಾಯ್ತು ಅಂತ ತಗೊಂಡೆ. ಗೇಟು ತೆಗೆಯೋ ಅಧಿಕಾರ ನನಗಿಲ್ಲ. ಆ ಗೇಟು ಇವತ್ತು ತೆಗೆಯಲ್ಲ. ನಾನು ನಿಮ್ಮೆಲ್ಲರಿಗೂ ಸುಳ್ಳು ಹೇಳ್ದೆ."

ನಗು ಮೆಲ್ಲಗೆ ಆರಿತು. ಷಡ್ಡಕ ತನ್ನ ಆಫೀಸಿನವರ ಮುಖ ನೋಡಿದ. ಆಫೀಸಿನವರು ಅವನ ಮುಖ ನೋಡಿದರು. ಅವನ ಮೂಗಿನ ತುದಿ ಕೆಂಪಾಯಿತು.

"ಏನಂದೆ?" ಎಂದು ಷಡ್ಡಕ ಗೇಟಿಗೆ ಬೆನ್ನು ಹಾಕಿ ರಾಯರ ಕಡೆಗೆ ತಿರುಗಿದ. ಅವನ ಹಿಂದೆ ಆಫೀಸೂ ತಿರುಗಿತು.

ಆ ಗಳಿಗೆಯಲ್ಲಿ ರಾಯರಿಗೆ ಎರಡು ಸಂಗತಿ ಕಂಡವು. ಒಂದು, ಈಗ ತಮಗೆ ಏಟು ಬೀಳುತ್ತದೆ. ಇನ್ನೊಂದು, ಇವರು ತಿರುಗಿದರು. ಅಷ್ಟು ಹೊತ್ತೂ ಗೇಟಿಗೆ ಮುಖ ಮಾಡಿ ನಿಂತಿದ್ದ ಜನ ಮೊದಲ ಸಲ ಬೇರೆ ಕಡೆಗೆ ಮುಖ ಮಾಡಿದ್ದರು.

ರಾಯರು ಒಂದು ಹೆಜ್ಜೆ ಹಿಂದಕ್ಕಿಟ್ಟರು. ಷಡ್ಡಕ ಒಂದು ಹೆಜ್ಜೆ ಮುಂದೆ ಬಂದ. ಇನ್ನೊಂದು ಇಟ್ಟರು. ಆಫೀಸು ಬಂತು. ಕ್ಷೌರದವನು ಬಂದ, ಗಿರಾಕಿಗಳು ಬಂದರು. ಒಳಗಿದ್ದವರಿಗೆ "ಗೇಟು ತೆಗೆಯಲ್ವಂತೆ, ಯಾವನೋ ಮೋಸ ಮಾಡಿದಾನಂತೆ" ಎಂಬ ಸುದ್ದಿ ತಲುಪಿತು. ಹಾಡು ಸಿಗದಿದ್ದರೆ ಹೋಗಲಿ, ಮೋಸಗಾರನ ಮುಖವನ್ನಾದರೂ ನೋಡೋಣವೆಂದು ಅವರೂ ಹಿಂದಕ್ಕೆ ತಿರುಗಿದರು.

ಓಣಿಯ ಮುಂದೆ ಒಂದು ಬಯಲಿತ್ತು. ರಾಯರು ಅದರೊಳಗೆ ಹಿಮ್ಮುಖವಾಗಿ ನಡೆಯತೊಡಗಿದರು. ಮೈಯೆಲ್ಲ ಓಡು ಓಡು ಎನ್ನುತ್ತಿತ್ತು. ಓಡಿದರೆ ಇವರೂ ಓಡುತ್ತಾರೆ, ಓಣಿಯೊಳಗಿನವರೂ ಓಡುತ್ತಾರೆ, ಬಿದ್ದವರು ಏಳುವುದಿಲ್ಲ. ಸಾಯುವಷ್ಟು ಹೆದರಿಕೆಯಾಗಿ, ಮೆಲ್ಲಗೆ ನಡೆದರು.

ಅಷ್ಟರಲ್ಲಿ ಅಧಿಕಾರಿ ಬಂದಳು. ಇಬ್ಬರು ಪೊಲೀಸರನ್ನು ಓಣಿಯ ಬಾಯಿಗೆ ನಿಲ್ಲಿಸಿ, ಹೊಸಬರನ್ನು ಬೇರೆ ದಾರಿಗೆ ಹಚ್ಚಿ, ರಾಯರ ಪಕ್ಕಕ್ಕೆ ಬಂದು ನಡೆದಳು. ಒಂದು ನೋಟಕ್ಕೆ ಅವಳಿಗೆ ಅರ್ಥವಾಗಿತ್ತು. "ಹೀಗೇ ಬೈಸ್ಕೊಳ್ಳಿ," ಎಂದು ಪಿಸುಗುಟ್ಟಿದಳು. "ಇನ್ನೂ ಸ್ವಲ್ಪ ದೂರ ಬೈಸ್ಕೊಳ್ಳಿ. ಓಣಿ ಅರ್ಧ ಖಾಲಿಯಾಗಿದೆ."

"ಹೊಡೆದ್ರೆ?"

"ನಿಧಾನಕ್ಕೆ ಹೊಡೆಸ್ಕೊಳ್ಳಿ."

ದಾರಿಹೋಕನೊಬ್ಬ ಅವಳ ಬೆನ್ನು ಓದಿ, "ಮೇಡಂ, ಇಲ್ಲಿ ಕುರ್ಚಿ ಸಿಗುತ್ತಾ?" ಎಂದ. ಅವಳು ಅವನತ್ತ ನೋಡಲೂ ಇಲ್ಲ.

ಷಡ್ಡಕ ರಾಯರ ಕಾಲರ್ ಹಿಡಿದಿದ್ದ. ಹಿಡಿದುಕೊಂಡೇ ನಡೆಯುತ್ತಿದ್ದ. "ಮಾನಗೆಟ್ಟವನೇ, ನಮ್ಮ ಆಫೀಸಿನ ಮುಂದೆ ನನ್ನ ಮಾನ ಕಳೆದೆಯಲ್ಲ. ಕುರ್ಚಿ ಹೊರೋನು ಕುರ್ಚಿ ಹೊರೋನ ಹಾಗೆ ಇರ್ಬೇಕು."

"ಹೌದು ಭಾವ," ಎಂದರು ರಾಯರು, ಇನ್ನೊಂದು ಹೆಜ್ಜೆ ಹಿಂದಿಡುತ್ತ.

ಆದರೆ ಹೌದು ಹೌದು ಎನ್ನುವವನನ್ನು ಎಷ್ಟು ಹೊತ್ತು ಬೈಯಲಾದೀತು? ಕ್ಷೌರದವನು ನಿಂತ. ದರ್ಜಿ ತನ್ನ ಹೆಂಡತಿಯ ಕಡೆ ತಿರುಗಿದ. ಕೆಲವರು ಮತ್ತೆ ಓಣಿಯ ಕಡೆ ಕತ್ತು ಚಾಚಿದರು. "ಕೋಪ ಇಳೀತಿದೆ," ಎಂದಳು ಅಧಿಕಾರಿ ಗಾಬರಿಯಾಗಿ. "ಇನ್ನೇನಾದ್ರೂ ಹೇಳಿ, ಬೇಗ."

ರಾಯರು ಗಂಟಲು ಸರಿಮಾಡಿಕೊಂಡರು. "ಟೈಲರಣ್ಣ, ನಿನ್ನ ಮಗಳ ಮದುವೇಲಿ ಬೀಗರು ಕೂತ ಕುರ್ಚಿ ಮುರೀತಲ್ಲ, ಅದು ಮೊದ್ಲೇ ಮುರಿದಿತ್ತು. ನಂಗೆ ಗೊತ್ತಿತ್ತು."

ದರ್ಜಿ ನಿಂತಲ್ಲೇ ಉರಿದುಹೋದ. ಆ ಕುರ್ಚಿಯ ದೆಸೆಯಿಂದ ಬೀಗರು ಇನ್ನೂ ಮಾತು ಬಿಟ್ಟಿದ್ದರು. ಅವನೂ ಅವನ ಇಡೀ ಸಂಸಾರವೂ ಬಯಲಿಗೆ ಇಳಿದರು.

"ಕ್ಷೌರದಣ್ಣ, ಊರಲ್ಲಿಲ್ಲ ಅಂತ ಹೇಳಿ ನಾನು ಬೇರೆ ಅಂಗಡೀಲಿ ತಲೆ ಮಾಡಿಸ್ಕೊಂಡಿದೀನಿ. ಒಂದ್ಸಲ ಅಲ್ಲ."

ಕ್ಷೌರದವನು ಎದೆ ಹಿಡಿದುಕೊಂಡ. ಇದನ್ನು ಅವನು ಸುಳ್ಳು ಅಧಿಕಾರಕ್ಕಿಂತ ದೊಡ್ಡ ದ್ರೋಹವೆಂದು ಎಣಿಸಿದ ಹಾಗಿತ್ತು. ಗಿರಾಕಿಗಳೆಲ್ಲ ಅವನ ಬೆನ್ನಿಗೆ ನಿಂತು ಹೊರಟರು.

"ಭಾವ, ನಿಮ್ಮ ಆಫೀಸಿನ ಬೀಳ್ಕೊಡುಗೆಗೆ ಹೊಸ ಕುರ್ಚಿ ಅಂತ ಕಳಿಸಿದ್ದು ಹಳೇದು. ಬಣ್ಣ ಹೊಡೆಸಿದ್ದೆ. ಅದಕ್ಕೇ ಎಲ್ಲರ ಪ್ಯಾಂಟೂ ಹಾಗಾಗಿದ್ದು."

ಇಷ್ಟು ದಿನ ಬಿಡಿಸಲಾಗದ ಒಂದು ಒಗಟಿಗೆ ಇಡೀ ಆಫೀಸಿಗೆ ಅಲ್ಲಿ ಉತ್ತರ ಸಿಕ್ಕಿತು. ಅವರು ಒಬ್ಬರೂ ಹಿಂದುಳಿಯದೆ ಬಂದರು. ಬಯಲು ತುಂಬಿತು. ಬಯಲಿನಲ್ಲಿ ಜನ ಹರಡಿಕೊಂಡರು, ಮಕ್ಕಳು ಹೆಗಲಿನಿಂದ ಇಳಿದರು, ಎಲ್ಲರಿಗೂ ಬೈಯಲು ಸಾಕಷ್ಟು ಗಾಳಿ ಸಿಕ್ಕಿತು.

ಅಧಿಕಾರಿ ಓಣಿಯ ಕಡೆ ನೋಡಿ, ನಿಂತು, ಮುಖ ಒರೆಸಿಕೊಂಡಳು. "ಸಾಕು," ಎಂದಳು.

ಖಾಲಿ ಓಣಿಯಿಂದ ಕೊನೆಯದಾಗಿ ಇಬ್ಬರು ಬರುತ್ತಿದ್ದರು. ಹೆಂಡತಿಯ ಹೆಗಲಿಗೆ ಒರಗಿಕೊಂಡು ಅತ್ತೆ, ಒಂದು ಕಾಲಿಗೆ ನೀಲಿ ಚಪ್ಪಲಿ, ಒಂದು ಬರಿಗಾಲು, ಕೂದಲು ಬಿಚ್ಚಿಹೋಗಿತ್ತು. ಕನ್ನಡಕ ಮುರಿದಿತ್ತು. ಎರಡು ಕೈಗಳನ್ನೂ ಇನ್ನೂ ಎದೆಯ ಮುಂದೆಯೇ ಮಡಚಿಕೊಂಡಿದ್ದರು, ಬಿಡಲು ಹೆದರಿದವರ ಹಾಗೆ. ರಾಯರ ಕಣ್ಣಲ್ಲಿ ನೀರು ಬಂತು. ಷಡ್ಡಕ ಕಾಲರ್ ಬಿಟ್ಟ. ಅತ್ತೆಯನ್ನು ಅಲ್ಲಿ ಕಂಡು ಅವನ ಬಾಯಿ ತೆರೆದದ್ದು ತೆರೆದ ಹಾಗೆಯೇ ಉಳಿಯಿತು. ತಾನು ಯಾರನ್ನು ಒತ್ತಿದೆ ಎಂಬುದು ಅವನಿಗೆ ಆಗ ಹೊಳೆದಿರಬೇಕು. ಆದರೂ ಅಭ್ಯಾಸ ಬಿಡಬೇಕಲ್ಲ.

"ನೋಡಿದ್ರಾ ಅತ್ತೆ, ಇವನು ಅಧಿಕಾರಿಯಲ್ಲವಂತೆ. ಬರೀ ಕುರ್ಚಿ ಹಾಕೋನಂತೆ."

ಅತ್ತೆ ಮುರಿದ ಕನ್ನಡಕದಲ್ಲಿ ಕಿರಿಯಳಿಯನನ್ನು ಮೇಲಿನಿಂದ ಕೆಳಗೆ ನೋಡಿದರು. ಅಂಗಿಯ ಗುಂಡಿ ಕಿತ್ತುಹೋಗಿತ್ತು, ಕತ್ತಿನ ಮೇಲೆ ಉಗುರಿನ ಗೀರಿತ್ತು. ಬಹಳ ಹೊತ್ತು ಉಸಿರಾಡಿದರು. ಉಸಿರಾಡುವುದೇ ಒಂದು ಕೆಲಸವೆಂಬಂತೆ ಆಡಿದರು.

"ಕುರ್ಚಿ ಹಾಕೋರು ತಾನೇ," ಎಂದರು. "ಹಾಗಾದ್ರೆ ಒಂದು ಕುರ್ಚಿ ಹಾಕಿ ಅಳಿಯಂದ್ರೆ. ಕಾಲು ನಡುಗ್ತಿದೆ."

ರಾಯರು ನಾಲ್ಕನೇ ಗೇಟಿನಿಂದ ಕುರ್ಚಿ ತಂದರು. ಈಗ ಆ ಗೇಟು ಒಂದು ಬೆರಳಿಗೆ ತೆರೆಯಿತು. ಕಾಲು ಅಲ್ಲಾಡಿಸಿ ನೋಡಿ, ಗಟ್ಟಿಯಿದ್ದದ್ದನ್ನೇ ಆರಿಸಿ ಹಾಕಿದರು. ದರ್ಜಿ ಅನುಮಾನದಿಂದ ನೋಡಿ ತನಗೂ ಒಂದು ಕೇಳಿದ. ಆಮೇಲೆ ಕ್ಷೌರದವನು, ಆಮೇಲೆ ಆಫೀಸು. ಪ್ಯಾಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡೇ ಆಫೀಸು ಕೂತಿತು. ಪೇರಿಸಿಟ್ಟ ಗುಡ್ಡ ಕರಗಿ ಬಯಲಲ್ಲಿ ಸಾಲಾಯಿತು. ಸಾಲಿನ ನಡುವೆ ಎರಡಾಳು ನಡೆಯುವಷ್ಟು ದಾರಿ ಬಿಡಿ ಎಂದು ಅಧಿಕಾರಿ ನಿಂತು ಹೇಳಿದಳು. ಬೆನ್ನಿನ ಬರಹ ನೋಡಿ ಎಲ್ಲರೂ ಅವಳ ಮಾತನ್ನು ಮೊದಲ ಸಲ ಕೇಳಿದರು, ಕುರ್ಚಿಯ ವಿಷಯವಾದ್ದರಿಂದ.

ಗೋಡೆಯ ಆಚೆ ಹಾಡು ಶುರುವಾಯಿತು. ಗಾಯಕಿ ಕಾಣಲಿಲ್ಲ, ದನಿ ಮಾತ್ರ ಗೋಡೆ ದಾಟಿ ಬಂತು. ಅತ್ತೆ ಮಡಚಿದ್ದ ಕೈಗಳನ್ನು ಮೆಲ್ಲಗೆ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಕತ್ತು ತಿರುಗಿಸಿದರು. ರಾಯರು ಎಲ್ಲ ಸಾಲುಗಳ ಹಿಂದೆ, ಓಣಿಯ ಬಾಯಿಗೆ ಹತ್ತಿರ ನಿಂತಿದ್ದರು.

"ಅಲ್ಲಿ ಯಾಕೆ ನಿಂತ್ರಿ? ನನ್ನ ಪಕ್ಕ ಬಂದು ಕೂತ್ಕೊಳ್ಳಿ, ಜಾಗ ಇಟ್ಟಿದೀನಿ."

"ನೀವು ಕೇಳಿ ಅತ್ತೆ," ಎಂದರು ರಾಯರು. "ಹಿಂದೆ ಒಬ್ಬರು ಇರ್ಲಿ."